ತೋಳಿನ ಪಾಠ

ನಮ್ಮ ಅಯಾಕುಚೊ ಊರಿನ ಗುಡ್ಡದ ಓಣಿಯಲ್ಲಿ ಡೆಲ್ಫಿನಾ ಹೊಲಿದ ರವಿಕೆಯನ್ನು ದೂರದಿಂದಲೇ ಗುರುತಿಸಬಹುದು: ಹೆಗಲ ಹತ್ತಿರ ತೋಳಿನ ಹೊಲಿಗೆ ಬಿಟ್ಟಿರುತ್ತದೆ. ಯಾರೂ ದೂರು ಹೇಳುವುದಿಲ್ಲ. ಏಕೆಂದು ಪಕ್ಕದ ಮನೆಯವಳಾದ ನಾನು ಹೇಳುತ್ತೇನೆ.

ಗಣಿ ಕೆಲಸಕ್ಕೆಂದು ಹೋದ ಡೆಲ್ಫಿನಾಳ ಗಂಡ ಅಲ್ಲೇ ಬೇರೆ ಸಂಸಾರ ಹೂಡಿದ. ಮಗಳು ಯೆನಿ ಇನ್ನೂ ಬೆನ್ನ ಮೇಲಿನ ಕೂಸು. ಡೆಲ್ಫಿನಾ ಕಂಡವರ ಬಟ್ಟೆ ಒಗೆಯುತ್ತಿದ್ದಳು. ಆಗ ಹೊಲಿಗೆ ಶಾಲೆಯಲ್ಲಿ ಬಿಡಿ ಕೋರ್ಸುಗಳು ಶುರುವಾದವು: ಲಂಗಕ್ಕೊಂದು, ಕಾಲರಿಗೊಂದು, ತೋಳಿಗೊಂದು. ಆದಾಗ ಬಾ, ಆಗದಿದ್ದರೆ ಬಿಡು. ನಿಜ ಹೇಳಬೇಕೆಂದರೆ, ಇಡೀ ವರ್ಷದ ಕೋರ್ಸಾಗಿದ್ದರೆ ಅವಳು ಆ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲ. ಲಂಗ ಕಲಿತ ತಿಂಗಳೇ ಲಂಗ ಮಾರಿದಳು. ಮಗಳ ತಟ್ಟೆಗೆ ಆಲೂಗಡ್ಡೆಯ ಜೊತೆ ಚೀಸೂ ಬಂತು.

ತೋಳಿನ ಕೋರ್ಸು ಮಾತ್ರ ಕೈಗೆ ಸಿಗಲೇ ಇಲ್ಲ. ಒಮ್ಮೆ ಯೆನಿಗೆ ಜ್ವರ. ಇನ್ನೊಮ್ಮೆ ಜನ ಸಾಲದೆಂದು ಶಾಲೆಯೇ ರದ್ದು ಮಾಡಿತು. ನಾನು ಹೇಳಿಕೊಡುತ್ತೇನೆಂದರೂ ಕೇಳಲಿಲ್ಲ, ಶಾಲೆಯಲ್ಲೇ ಕಲಿತು ಪೂರ್ತಿ ದರ್ಜಿಯಾಗಬೇಕೆಂಬ ಹಟ.

"ಏನಮ್ಮಾ ತೋಳಿಲ್ಲದ ಡೆಲ್ಫಿನಾ, ನಮಗೇನು ಚಳಿ ಆಗಲ್ವಾ?" ಎಂದು ಸಂತೆಯಲ್ಲಿ ರೇಗಿಸುತ್ತಿದ್ದರು.

"ನಗ್ರಮ್ಮಾ, ನಗ್ರಿ. ನನ್ ಯೆನಿ ಶಾಲೆ ಮುಗಿಸೋ ದಿನ ಉದ್ದ ತೋಳಿನ ಬಿಳೀ ಉಡುಪು ನಾನೇ ಹೊಲೀತೀನಿ, ನೋಡ್ತಿರಿ!"

ಯೆನಿ ಬೆಳೆದು ನಿಂತ ಮೇಲೆ ಕಡೆಗೂ ತೋಳಿನ ಕೋರ್ಸಿಗೆಂದು ಹೋದಾಗ ಹೊಲಿಗೆ ಶಾಲೆಯ ಕಚೇರಿಯವಳು, "ಪಠ್ಯ ಬದಲಾಗಿದೆ, ಹಳೇ ಕೋರ್ಸು ಲೆಕ್ಕಕ್ಕಿಲ್ಲಮ್ಮ. ಲಂಗದಿಂದ ಶುರು ಮಾಡಿ" ಎಂದಳಂತೆ. ಓಣಿಗೆಲ್ಲ ಲಂಗ ತೊಡಿಸಿದವಳಿಗೆ! ಅವರ ಬಾಯಿಗೆ ಮಣ್ಣು ಬೀಳ. ಡೆಲ್ಫಿನಾ ಹಲ್ಲು ಕಚ್ಚಿ ಮತ್ತೆ ಲಂಗಕ್ಕೆ ಸೇರಿದಳು.

ಆ ಚಳಿಗಾಲದಲ್ಲೇ ಯೆನಿಯ ಎದೆಯಲ್ಲಿ ಕಫ ಕಟ್ಟಿತು. ಶಾಲೆ ಮುಗಿಸುವ ಮೊದಲೇ ಹುಡುಗಿ ಹೋಗಿಬಿಟ್ಟಳು.

ನಮ್ಮಲ್ಲಿ ಸತ್ತವರಿಗೆ ತೊಡಿಸುವ ಅಂಗಿಯನ್ನು ಮನೆಯವರು ಹೊಲಿಯುವಂತಿಲ್ಲ. ದಾರಕ್ಕೆ ಗಂಟೂ ಹಾಕುವಂತಿಲ್ಲ. ಹಾಕಿದರೆ ಜೀವ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಉದ್ದ ತೋಳಿನ ಬಿಳಿ ಅಂಗಿ ಹೊಲಿಯಲು ನಾನು ಕುಳಿತೆ. ಗೋಡೆಗೊರಗಿದ್ದ ಡೆಲ್ಫಿನಾ ನನ್ನ ಪಕ್ಕಕ್ಕೆ ಸರಿದಳು.

"ಸಬೀನಾ, ತೋಳು ಎಲ್ಲಿಂದ ಶುರು ಮಾಡ್ತೀಯೆ?"

"ಕಂಕುಳಿಂದ ಕಣೇ... ಈಗ ಬೇಡ, ಬಿಡೇ."

"ಮುಟ್ಟಲ್ಲ. ತೋರಿಸು, ಅಷ್ಟೇ."

ತೋರಿಸಿದೆ. ಕಣ್ಣು ತುಂಬಿ ನನಗೆ ಸೂಜಿಯೇ ಕಾಣುತ್ತಿರಲಿಲ್ಲ. ಅವಳು ಮಾತ್ರ ಒಂದು ಹೊಲಿಗೆಯನ್ನೂ ಬಿಡದೆ ನೋಡಿದಳು. ಹೊಲಿಗೆ ಶಾಲೆಗೆ ಮತ್ತೆ ಹೋಗಲಿಲ್ಲ.

ಈಗ ಎಲ್ಲರಿಗೂ ತೋಳು ಹೊಲಿಯುತ್ತಾಳೆ, ಕೈಯಲ್ಲೇ. ಗಂಟು ಮಾತ್ರ ಹಾಕುವುದಿಲ್ಲ.

"ಬದುಕಿರೋರ ಬಟ್ಟೆ ಕಣೇ, ಗಂಟು ಹಾಕು" ಎಂದೆ ಒಮ್ಮೆ.

"ನಂಗೆ ಹೇಳ್ಕೊಟ್ಟಿದ್ದೇ ಹಾಗಲ್ವೇನೇ" ಎಂದಳು.

ತೋಳಿನ ಹೊಲಿಗೆ ಬಿಟ್ಟಾಗ ರವಿಕೆಯನ್ನು ನಾವು ಸುಮ್ಮನೆ ಮತ್ತೆ ಅವಳ ಬಳಿಗೇ ಒಯ್ಯುತ್ತೇವೆ.