ಅಕ್ಕ ತಂದ ಕೀಬೋರ್ಡ್

ಕಾರ್ಖಾನೆ ಮುಚ್ಚಿದ ದಿನ ಉಳಿದವರೆಲ್ಲ ಕುರ್ಚಿ, ಫ್ಯಾನು, ಗೋಡೆ ಗಡಿಯಾರ ಹೊತ್ತುಕೊಂಡು ಹೋದರೆ ನಮ್ಮಕ್ಕ ಒಂದು ಕೀಬೋರ್ಡ್ ತಂದಳು. ಕಂಪ್ಯೂಟರ್ ಅಲ್ಲ, ಬರೀ ಕೀಬೋರ್ಡ್. ಇದನ್ನಿಟ್ಟುಕೊಂಡು ಉಪ್ಪಿನಕಾಯಿ ಹಾಕ್ತೀಯಾ ಎಂದು ಕೇಳಿದೆ. ಹೂಂ ಎಂದಳು.

ಬೇರಿಂಗ್ ಮಾಡುವ ಜಪಾನಿಯರ ಕಾರ್ಖಾನೆ ಅದು. ಅಲ್ಲಿಯ ಆಫೀಸಿನಲ್ಲಿ ಅಕ್ಕ ಕೂದಲು ಕಪ್ಪಗಿದ್ದಾಗಿನಿಂದ ಟೈಪ್ ಮಾಡಿದವಳು. ಯಂತ್ರಗಳೆಲ್ಲ ಅವರ ದೇಶದ ಪದ್ಧತಿಯವು. ಸ್ಪೇಸ್ ಪಟ್ಟಿ ಗಿಡ್ಡ, ಅದರ ಅಕ್ಕಪಕ್ಕ ಲಿಪಿ ಬದಲಿಸುವ ಕೀಲಿಗಳು. ಇಮೇಲ್ ವಿಳಾಸದ ನಡುವೆ ಬರುತ್ತದಲ್ಲ @ ಗುರುತು, ಅದು ನಮ್ಮಲ್ಲಿ ಬೇರೆಲ್ಲ ಕಡೆ ಶಿಫ್ಟ್ ಹಿಡಿದು ಅಂಕಿ ಎರಡನ್ನು ಒತ್ತಿದರೆ ಬರುತ್ತದೆ. ಅಕ್ಕನ ಯಂತ್ರದಲ್ಲಿ ಅದು ಪಿ ಅಕ್ಷರದ ಬಲಕ್ಕೆ ಹೋಗಿ ಕೂತಿತ್ತು. ಕಣ್ಣು ಕಾಗದದ ಮೇಲಿದ್ದರೂ ಅಕ್ಕನ ಬೆರಳು ಅದನ್ನು ಹುಡುಕಿಕೊಂಡು ಹೋಗುತ್ತಿತ್ತು.

ದಿನಾ ಸಂಜೆ ಕುರ್ಚಿಯಿಂದ ಏಳುವ ಮುಂಚೆ ಜಪಾನಿನ ಹೆಡ್ಡಾಫೀಸಿನ ಒಬ್ಬಾಕೆಗೆ ಎರಡು ಸಾಲು ಕಳಿಸಬೇಕಿತ್ತು. ಇವತ್ತಿನ ಕೆಲಸ ಮುಗಿಯಿತು, ನಾಳೆ ಸಿಗೋಣ. ಆಕೆಯ ಮುಖವನ್ನು ಅಕ್ಕ ನೋಡಿದವಳಲ್ಲ. ಆ ಭಾಷೆಯಲ್ಲಿ ಅಕ್ಕನಿಗೆ ಬರುತ್ತಿದ್ದದ್ದೂ ಆ ಎರಡು ಸಾಲೇ. ಕೊನೆಯ ದಿನ ಮೊದಲ ಸಾಲು ಅರ್ಧ ಆಗಿದ್ದಾಗ ಕರೆಂಟು ತೆಗೆದುಬಿಟ್ಟರಂತೆ.

ಅವತ್ತೇ ಅಕ್ಕನೊಳಗಿನ ಕರೆಂಟೂ ಹೋಯಿತು. ಕೊಟ್ಟರೆ ಉಣ್ಣುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಬೈದರೂ ಹೂಂ, ಪಕ್ಕದಲ್ಲಿ ಕೂತು ತಲೆ ಸವರಿದರೂ ಹೂಂ. ಅತ್ತಿದ್ದರೆ ನನಗೆ ನಿರಾಳವಾಗುತ್ತಿತ್ತು. ನಮ್ಮ ಮನೆಯಲ್ಲಿ ಇರುವವರು ನಾವಿಬ್ಬರೇ. ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಮಿಶಿನ್ ತುಳಿಯುವಾಗಲೂ ನನ್ನ ಕಿವಿ ಮೇಲುಗಡೆಗೇ ಇರುತ್ತಿತ್ತು. ಒಂದು ಕೆಲಸ ಅಂತ ಹಿಡಿಸದಿದ್ದರೆ ಇವಳು ಮನುಷ್ಯಳಾಗಿ ನನಗೆ ವಾಪಸ್ಸು ಸಿಗುವುದಿಲ್ಲ ಎಂದು ಭಯವಾಗಿತ್ತು.

ನನ್ನ ಹತ್ತಿರ ಬಟ್ಟೆ ಹೊಲಿಸುವ ಡಾಕ್ಟರಮ್ಮನನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಅವರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನ ಹೊತ್ತು ರಿಪೋರ್ಟು ಟೈಪ್ ಮಾಡಲು ಅಕ್ಕನನ್ನು ಇಟ್ಟುಕೊಂಡರು. ತಿಂಗಳ ಕೊನೆವರೆಗೂ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು.

ಅಲ್ಲಿ ಬೆರಳು ಕೈಕೊಟ್ಟಿತು. @ ಎಂದುಕೊಂಡು ಪಿ ಬಲಕ್ಕೆ ಒತ್ತಿದರೆ ಚೌಕದ ಕಂಸ ಬೀಳುತ್ತಿತ್ತು. ಅಳಿಸಲು ಹೋದರೆ ಅಳಿಸುವ ಕೀಲಿಯೂ ಬೇರೆ ಅಳತೆಯದು. ನನ್ನ ಕೈಗೆ ಎಡಚರ ಕತ್ತರಿ ಕೊಟ್ಟರೆ ಬಟ್ಟೆಯ ಗತಿ ಏನಾಗುತ್ತದೋ ಅದೇ ಆಯಿತು. ಕೌಂಟರಿನ ಮುಂದೆ ಸಾಲು ಬೆಳೆಯಿತು, ಡಾಕ್ಟರಮ್ಮನ ಮುಖ ದಪ್ಪಗಾಯಿತು. ಕೊನೆಗೆ ಅಕ್ಕ ಒಂದು ಬೆಳಿಗ್ಗೆ ತನ್ನ ಕೀಬೋರ್ಡನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೊರಟಳು. ಬರೀ ಸಿಕ್ಕಿಸಿದರೆ ಸಾಲದು, ಕೀಲಿಯ ಮೇಲಿರುವುದು ಒಂದು, ತೆರೆಯ ಮೇಲೆ ಬರುವುದು ಇನ್ನೊಂದು ಎಂದು ಹೇಳಿ ಲ್ಯಾಬಿನ ಕಂಪ್ಯೂಟರ್ ರಿಪೇರಿಯವನು ಇಡೀ ಯಂತ್ರವನ್ನೇ ಜಪಾನಿ ಕೀಬೋರ್ಡಿಗೆ ಹೊಂದಿಸಿಕೊಟ್ಟ.

ಅಲ್ಲಿಂದ ಸಾಲು ಕರಗಿತು. ಒಂದು ಸಂಜೆ ನಾನು ಕೇಳದೆಯೇ, ನಾಳೆ ಬೇಗ ಹೋಗಬೇಕು, ಜನ ಜಾಸ್ತಿ ಎಂದಳು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದೆ.

ಮಧ್ಯಾಹ್ನದ ಪಾಳಿಯಲ್ಲಿ ಕೂರುವವಳೂ ಕೀಲಿ ನೋಡದೆ ಟೈಪ್ ಮಾಡುವ ಶೂರಳೇ. ಮೊದಮೊದಲು ಅಕ್ಕ ಎದ್ದು ಹೋಗುವಾಗ ಯಂತ್ರ ತೆರೆದೇ ಇರುತ್ತಿತ್ತು, ಅವಳು ಎರಡೂ ಕೈಯಿಂದ ತಡಕಾಡಿ ಹೇಗೋ ಸುಧಾರಿಸುತ್ತಿದ್ದಳು. ಒಂದು ದಿನ ಯಂತ್ರ ತಾನಾಗೇ ಆರಿ ಹತ್ತಿತು, ಪಾಸ್‌ವರ್ಡ್ ಕೇಳಿತು. ಅದರ ನಡುವೆ @ ಇತ್ತು. ಅವಳು ಅಭ್ಯಾಸಬಲದಿಂದ ಶಿಫ್ಟ್ ಹಿಡಿದು ಎರಡನ್ನು ಒತ್ತಿದಳು. ಒಳಗೆ ಬಿದ್ದದ್ದು ಉದ್ಧರಣ ಚಿಹ್ನೆ, ತೆರೆಯ ಮೇಲೆ ಕಂಡದ್ದು ಬರೀ ಚುಕ್ಕಿ. ತಪ್ಪು ಎಂದಿತು. ಇನ್ನೂ ಜೋರಾಗಿ ಅದನ್ನೇ ಒತ್ತಿದಳು. ಕೊನೆಗೆ ಯಂತ್ರ ಪೂರ್ತಿ ಬೀಗ ಹಾಕಿಕೊಂಡಿತು. ಒಳಗಿದ್ದದ್ದು ಆಪರೇಷನ್ನಿಗೆ ಹೋಗಬೇಕಿದ್ದ ಒಬ್ಬ ಅಜ್ಜನ ರಿಪೋರ್ಟು. ರಿಪೇರಿಯವನು ಬಂದು ಬೀಗ ಬಿಡಿಸುವಷ್ಟರಲ್ಲಿ ಅಜ್ಜನ ಸರದಿ ತಪ್ಪಿತ್ತು, ಮಾರನೆಯ ದಿನಕ್ಕೆ ಹೋಗಿತ್ತು. ಅಜ್ಜನ ಮಗ ಲ್ಯಾಬು ಹಾರಿಹೋಗುವ ಹಾಗೆ ಕೂಗಾಡಿದನಂತೆ.

ಡಾಕ್ಟರಮ್ಮ ನನ್ನೆದುರೇ ಅಕ್ಕನಿಗೆ ಹೇಳಿದರು. "ನಿಮ್ಮ ಕೆಲಸದ ಬಗ್ಗೆ ನಂಗೆ ಮಾತಿಲ್ಲ. ಆದ್ರೆ ಇದು ನಾಲ್ಕು ಜನ ಕೂರೋ ಜಾಗ. ಒಂದೋ ಆ ಕೀಬೋರ್ಡು ಮನೆಗೆ ಹೋಗ್ಲಿ, ಇಲ್ಲಾ ನೀವು ಹೋಗಿ. ಸೋಮವಾರ ನೋಡೋಣ."

ನನ್ನ ಪಿತ್ತ ನೆತ್ತಿಗೇರಿತು. ಅವರ ಮೇಲೆ ಹಾರಬೇಕೆಂದಿದ್ದೆ. ಅಕ್ಕ ನನ್ನ ಕೈ ಹಿಡಿದು, ಅವರು ಹೇಳಿದ್ದು ಸರಿ ಕಣೇ ಎಂದಳು. ಕೀಬೋರ್ಡ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ದಾರಿಯುದ್ದಕ್ಕೂ ಮತ್ತೆ ಅದೇ ಹೂಂ.

ಭಾನುವಾರ ಮಿಶಿನ್ ನಿಲ್ಲಿಸಿದಾಗ ಮೇಲಿನಿಂದ ಟಕಟಕ ಕೇಳಿಸಿತು. ಹತ್ತಿ ಹೋದೆ. ಊಟದ ಮೇಜಿನ ಮೇಲೆ ಕೀಬೋರ್ಡ್, ಅದರ ತಂತಿ ಮೇಜಿನಂಚಿನಿಂದ ನೇತಾಡುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದಳು. ಇವಳು ಪೂರ್ತಿ ಹೋದಳು ಎಂದುಕೊಂಡೆ.

"ಯಾರಿಗೆ ಬರೀತಿದ್ದೀಯ ಅಕ್ಕ?"

"ಜಪಾನಿನ ಆಕೆಗೆ. ಅವತ್ತು ಅರ್ಧಕ್ಕೇ ನಿಂತಿತ್ತಲ್ಲ. ಕೆಲಸ ಮುಗೀತು ಅಂತ."

"ನಾಳೆ ಸಿಗೋಣ ಅಂತ ಹಾಕಿದ್ಯಾ?"

"ಇಲ್ಲ ಕಣೇ. ಅದು ಹಾಕ್ಲಿಲ್ಲ."

ಎಂಟರ್ ಒತ್ತಿದಳು. ಆಮೇಲೆ ಅತ್ತಳು. ಅಷ್ಟು ದಿನಗಳಲ್ಲಿ ಅದೇ ಮೊದಲು. ನಾನು ಪಕ್ಕದಲ್ಲಿ ಕೂತೆ, ಬೈಯಲಿಲ್ಲ. ಅತ್ತು ಮುಗಿದ ಮೇಲೆ ತಂತಿ ಸುತ್ತಿ ಕೀಬೋರ್ಡನ್ನು ನನ್ನ ಕೈಗಿಟ್ಟು, ತನಗೆ ಎಟುಕದ ಹಾಗೆ ಅಟ್ಟದ ಮೇಲೆ ಹಾಕು ಎಂದಳು.

ಸೋಮವಾರ ಬರಿಗೈಯಲ್ಲಿ ಹೋದಳು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ಇವತ್ತೆಲ್ಲ ತಪ್ಪು ಒತ್ತಿ ಒತ್ತಿ ಬೈಸಿಕೊಂಡೆ, ನಾಳೆ ಏನು ಕಾದಿದೆಯೋ ಎಂದಳು. ನಾನು ಹೂಂ ಎಂದೆ.