ನದಿಗೆ ಬಿಟ್ಟ ಪೈಪು

ಸತ್ಯಭಾಮಾ ಮದುವೆಯಾಗಿ ಉಲ್ಹಾಸನಗರಕ್ಕೆ ಬಂದದ್ದು ಎಂಬತ್ಮೂರರಲ್ಲಿ. ಕಾಪುವಿನ ಕಡಲು ನೋಡಿ ಬೆಳೆದವರಿಗೆ ಗಂಡನ ಹೋಟೆಲಿನ ಹಿಂದೆ ಹರಿಯುವ ವಾಲಧುನಿ ನದಿಯೆಂದೇ ಅನ್ನಿಸಲಿಲ್ಲ. "ಇದಕ್ಕೆ ನಮ್ಮಲ್ಲಿ ತೋಡು ಅಂತಾರೆ" ಎಂದು ಗಂಡ ಪುಂಡರೀಕಾಕ್ಷರನ್ನು ನಗಿಸಿದ್ದರು. ಹೋಟೆಲಿನ ಮೇಲಿನ ಎರಡು ಕೋಣೆಗಳಲ್ಲಿ ಮಾತಿಗೆ ಜನವಿಲ್ಲದೆ ಒದ್ದಾಡುತ್ತಿದ್ದ ಆ ದಿನಗಳಲ್ಲಿ ಅವರಿಗೆ ಆಸರೆಯಾದದ್ದು ಮಾತ್ರ ಆ ತೋಡೇ. ಅಲ್ಲಿ ಚಂಪಾ ಸಿಕ್ಕಿದಳು. ದಂಡೆಯ ಚಾಳಿನ ಮರಾಠಿ ಹೆಂಗಸು. ಸೀರೆ ಎತ್ತಿ ಕಟ್ಟಿ ಕಲ್ಲುಗಳ ಸಂದಿಯಿಂದ ಏಡಿ ಹಿಡಿಯುತ್ತಿದ್ದಳು. ಸತ್ಯಭಾಮಾ ಮೀನು ಮುಟ್ಟದ ಮನೆಯವರು. ಆದರೂ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಅವರು ಮರಾಠಿ ಕಲಿತದ್ದು ಮೊಣಕಾಲುದ್ದದ ಆ ನೀರಿನಲ್ಲೇ.

ನೀರು ಕೆಟ್ಟದ್ದು ಒಂದೇ ದಿನದಲ್ಲಲ್ಲ. ಮೊದಲು ನೊರೆ ಬಂತು, ಆಮೇಲೆ ಬಟ್ಟೆಗೆ ಹಾಕುವ ಬಣ್ಣ. ಏಡಿಗಳು ಯಾವ ವರ್ಷ ಹೋದವೆಂದು ಯಾರೂ ಗಮನಿಸಲಿಲ್ಲ. ಒಂದು ಮಳೆಗಾಲ ಸತ್ಯಭಾಮಾ ನೋಡುತ್ತಾರೆ, ಚಂಪಾಳ ಏಡಿಬುಟ್ಟಿಯಲ್ಲಿ ಈರುಳ್ಳಿ ತುಂಬಿಟ್ಟಿತ್ತು.

ಹೋದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ, ಹೋಟೆಲಿನಲ್ಲಿ ಎರಡನೇ ಪಾಳಿ ಇಡ್ಲಿ ಬೇಯುತ್ತಿದ್ದಾಗ, ಕೊಳೆತ ಮೊಟ್ಟೆಯಂಥ ನಾತ ಬಡಿಯಿತು. ಹರಿವಿನ ಮೇಲ್ಗಡೆ ಯಾವುದೋ ಕಾರ್ಖಾನೆಯ ಟ್ಯಾಂಕರು ನದಿಗೆ ಏನನ್ನೋ ಸುರಿದು ಹೋಗಿತ್ತು. ಗಿರಾಕಿಗಳು ದೋಸೆ ಬಿಟ್ಟು ಎದ್ದರು. ಚಾಳಿನಲ್ಲಿ ಕೆಮ್ಮೋ ಕೆಮ್ಮು. ಚಂಪಾಳನ್ನು ರಿಕ್ಷಾಕ್ಕೆ ಎತ್ತಿ ಹಾಕಿದವರು ಸತ್ಯಭಾಮಾ. ಐದು ದಿನ ಆಕ್ಸಿಜನ್ ಮೇಲಿದ್ದು ಅವಳು ಮನೆಗೆ ಬಂದಳು. ಆದರೆ ಮೊದಲಿನ ಉಸಿರು ಬರಲಿಲ್ಲ.

ಅಲ್ಲಿಯವರೆಗೆ ಹೋಟೆಲಿನ ಗಲ್ಲಾ ದಾಟಿ ಯಾರೊಡನೆಯೂ ಜಗಳವಾಡದ ಸತ್ಯಭಾಮಾ ಕೊಳಕು ನೀರನ್ನು ಬಾಟಲಿಗಳಲ್ಲಿ ತುಂಬಿಸಿ ಮಾಲಿನ್ಯ ನಿಯಂತ್ರಣ ಕಚೇರಿಗೆ ಹೋದರು. ಹೋಗಿಬಂದು ಮೂರನೇ ಸಲಕ್ಕೆ ಒಬ್ಬ ಅಧಿಕಾರಿ ಬಂದರು. ಸತ್ಯಭಾಮಾ ಮುಂದೆ ನಡೆದು ನದಿಗೆ ಬಿಟ್ಟ ಒಂದೊಂದೇ ಪೈಪು ತೋರಿಸಿದರು. ಅಧಿಕಾರಿ ಬರೆದುಕೊಳ್ಳುತ್ತ ಬಂದು ಹೋಟೆಲಿನ ಹಿಂದೆ ನಿಂತರು. ಅಲ್ಲೂ ಒಂದು ಪೈಪು. ಅದರ ಬಾಯಲ್ಲಿ ಜಿಡ್ಡು ಕಲ್ಲಿನ ಹಾಗೆ ಬಿಳಿಯಾಗಿ ಗಟ್ಟಿಯಾಗಿತ್ತು.

"ಮೇಡಂ, ಹಾ ಕೋಣಾಚಾ? ಇದು ಯಾರದ್ದು?"

ಎರಡು ಸಾವಿರದ ಐದರ ನೆರೆಯಲ್ಲಿ ಗಟಾರದ ಚೇಂಬರು ಕುಸಿದಿತ್ತು. ಸದ್ಯಕ್ಕೆ ಇರಲಿ ಎಂದು ಪುಂಡರೀಕಾಕ್ಷರು ಅಡುಗೆಮನೆಯ ನೀರನ್ನು ನದಿಗೆ ಬಿಡಿಸಿದ್ದರು. ಪ್ಲಂಬರನ ತಲೆಯ ಮೇಲೆ ಕೊಡೆ ಹಿಡಿದವರು ಸತ್ಯಭಾಮಾ. ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟಿದ್ದರು. ಗೊತ್ತಿಲ್ಲ ಎನ್ನಬಹುದಿತ್ತು.

"ನಮ್ಮದೇ" ಎಂದರು.

ಯಾರದ್ದೆಂದು ತಿಳಿದ ಪೈಪು ಅದೊಂದೇ. ಹಾಗಾಗಿ ನೋಟಿಸು ಮೊದಲು ಬಂದದ್ದು ಅವರ ಹೋಟೆಲಿಗೆ. ಪುಂಡರೀಕಾಕ್ಷರು ಕಾಗದ ಓದಿ ಕೆಂಡವಾದರು.

"ನಿಂಗೆ ಎಂತ ಆಗಿದೆ ಭಾಮಾ? ಊರಿಗೆ ವಿಷ ಹಾಕಿದವ ಆರಾಮಾಗಿದ್ದಾನೆ. ನಮ್ಮದೆಂತ, ಅಕ್ಕಿ ಉದ್ದು ತೊಳೆದ ನೀರು!"

"ಕರಿದ ಎಣ್ಣೆ? ಪಾತ್ರೆ ತೊಳೆಯುವ ಪೌಡರ್?"

"ಅವರದ್ದರ ಎದುರು ನಮ್ಮದು ಒಂದು ಚಮಚ ಮಾರಾಯ್ತಿ."

"ಇರ್ಬಹುದು. ಆದ್ರೆ ಅವರ ಪೈಪಿಗೆ ಬೆರಳು ತೋರಿಸ್ಲಿಕ್ಕೆ ನಂಗೆ ಮುಖ ಬೇಕಲ್ಲ. ಪೈಪು ತೆಗೆಯುವವರೆಗೆ ಅಡುಗೆಮನೆ ಬಂದ್."

ಹೋಟೆಲು ಹನ್ನೊಂದು ದಿನ ಮುಚ್ಚಿತು. ಹೊಸ ಚೇಂಬರು ಕಟ್ಟಿಸಿ, ಜಿಡ್ಡು ಹಿಡಿಯುವ ತೊಟ್ಟಿ ಮಾಡಿಸಿ, ನೀರನ್ನು ಗಟಾರಕ್ಕೆ ಜೋಡಿಸಿದರು. ಅಷ್ಟೂ ದಿನ ಪುಂಡರೀಕಾಕ್ಷರು ಹೆಂಡತಿಯೊಡನೆ ಮಾತು ಬಿಟ್ಟಿದ್ದರು. ಊಟಕ್ಕೆ ಮಾತ್ರ ಬಂದು ಎದುರು ಕೂರುತ್ತಿದ್ದರು.

ಕೆಲಸ ಮುಗಿದ ದಿನ ಸತ್ಯಭಾಮಾ ಚಂಪಾಳ ಮನೆಗೆ ಹೋದರು. ಅವಳು ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸತ್ಯಭಾಮಾ ತಪ್ಪೊಪ್ಪಿಕೊಳ್ಳಲೆಂದೇ ಹೋಗಿದ್ದರು. "ಚಂಪಾ, ನಮ್ಮದೂ ಒಂದು ಪೈಪು ಇತ್ತು" ಎಂದರು.

"ಮಾಹಿತಿ ಹೋತಾ, ವಹಿನಿ" ಎಂದಳು ಚಂಪಾ. ಗೊತ್ತಿತ್ತು, ಅತ್ತಿಗೆ. ಉಸಿರು ತೆಗೆದುಕೊಳ್ಳಲು ನಿಂತು ಮುಂದುವರಿಸಿದಳು. "ಈ ಕಿಟಕಿಯಿಂದ ಕಾಣ್ತಿತ್ತು. ಇಷ್ಟು ವರ್ಷ ದಿನಾ ನಿಮ್ಮ ಮನೆ ಚಹಾ ಕುಡಿದೆ. ಹೇಗೆ ಹೇಳ್ಲಿ?"

ಸತ್ಯಭಾಮಾ ಅವಳ ಮಂಚದ ಕಾಲಿನ ಬಳಿ ನೆಲದಲ್ಲೇ ಕೂತುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ.

ಈ ಗಾಳಿ ಬೇಡವೆಂದ ಡಾಕ್ಟರ ಮಾತಿನಂತೆ ಏಪ್ರಿಲ್‌ನಲ್ಲಿ ಚಂಪಾಳ ಮಗಳು ಬಂದು ಅವಳನ್ನು ತನ್ನೂರು ಟಿಟವಾಳಕ್ಕೆ ಕರೆದೊಯ್ದಳು. ಟ್ಯಾಂಕರು ಯಾರದ್ದೆಂದು ಇಂದಿಗೂ ಗೊತ್ತಾಗಿಲ್ಲ. ದೂರು ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುತ್ತಿದೆ. ಸತ್ಯಭಾಮಾ ಬೆಳಿಗ್ಗೆ ಚಟ್ನಿಗೆ ಒಗ್ಗರಣೆ ಹಾಕಿಸಿ ಸೇತುವೆಯ ಹತ್ತಿರ ಹೋಗಿ ನಿಲ್ಲುತ್ತಾರೆ. ಟ್ಯಾಂಕರು ನಿಧಾನ ಮಾಡಿದರೆ ನಂಬರು ಬರೆದುಕೊಳ್ಳುತ್ತಾರೆ. ಮೊನ್ನೆ ಒಬ್ಬ ಡ್ರೈವರ್ ಇಳಿದು ಗದರಿಸಿದ. ಮರುದಿನ ಪುಂಡರೀಕಾಕ್ಷರು ಚಪ್ಪಲಿ ಮೆಟ್ಟಿ ಜೊತೆಗೆ ಹೊರಟರು.