ಇಮ್ರೆಯವರ ಅಮ್ಮನ ಬ್ರೆಡ್ಡು

ಮೊನ್ನೆ ಈರುಳ್ಳಿ ಹೆಚ್ಚಿ ಮೇಲೆ ಖಾರದ ಪುಡಿ ಉದುರಿಸುತ್ತಿದ್ದಂತೆ ಇಮ್ರೆ ನೆನಪಾದರು. ಕಣ್ಣಲ್ಲಿ ಬಂದ ನೀರಿಗೆ ಈರುಳ್ಳಿಯೇ ಕಾರಣವೆಂದು ನೀವು ನಂಬುವುದಾದರೆ ನನ್ನ ಅಭ್ಯಂತರವೇನಿಲ್ಲ.

ಇಮ್ರೆ ಇಂಗ್ಲೆಂಡಿನ ಸೊಲಿಹಲ್ಲಿನಲ್ಲಿ ನಮ್ಮ ಪಕ್ಕದ ಮನೆಯವರು, ಹಂಗೇರಿಯ ಕವಿ. ಹುಡುಗನಾಗಿದ್ದಾಗ ಅಲ್ಲಿನ ೧೯೫೬ರ ದಂಗೆಯ ಕಾಲದಲ್ಲಿ ಗಡಿ ದಾಟಿ ಬಂದು, ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಲೇ ಆರು ಕವನ ಸಂಕಲನ ಬರೆದವರು. ಯಂತ್ರದ ಸದ್ದಿಗೆ ಎದುರಾಗಿ ಕೂಗಿ ಪಳಗಿದ ಗಂಟಲು. ಹಿತ್ತಲಲ್ಲಿ ಕೂತು ಕವಿತೆ ಓದಿದರೆ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ನನಗೂ ಕೇಳುತ್ತಿತ್ತು. ಪರಿಚಯವಾದದ್ದೇ ಹಾಗೆ. ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ಕೊನೆಯವರೆಗೂ 'ಸರ್' ಎಂದೇ ಕರೆದೆ. ಅವರ ಮಗಳಿಗೆ ಹಂಗೇರಿಯನ್ ಬಾರದು. ಅದನ್ನು ನಾನು ಆಡಿಕೊಳ್ಳುವ ಹಾಗಿಲ್ಲ; ನನ್ನ ಮಗಳು ಅನಘಾ ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಮುನಿಸಿಕೊಳ್ಳುತ್ತಾಳೆ.

ಶನಿವಾರಗಳಂದು ಅವರು ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವುದು, ನಾನು ಕನ್ನಡಕ್ಕೆ ಇಳಿಸುವುದು. ಅವರಿಗೆ ಕನ್ನಡ ಗೊತ್ತಿಲ್ಲ, ನನಗೆ ಹಂಗೇರಿಯನ್ ಗೊತ್ತಿಲ್ಲ. ಇಷ್ಟು ಧೈರ್ಯದ ಅನುವಾದಕಿ ಇನ್ನೊಬ್ಬಳು ಇರಲಾರಳು. ತಾಯಿಯ ಮೇಲಿನ ಕವಿತೆಯೊಂದಿತ್ತು. ಆಕೆ ಬ್ರೆಡ್ಡಿಗೆ ಹಂದಿಕೊಬ್ಬು ಸವರಿ, ಮೇಲೆ ಈರುಳ್ಳಿ, ಖಾರದ ಪುಡಿ ಹಾಕಿ ಮಗನಿಗೆ ಕೊಡುತ್ತಾಳೆ. ಅದನ್ನು ನಮ್ಮ ಯುಗಾದಿ ಕೂಟದಲ್ಲಿ ಓದುವುದಾಗಿ ಒಪ್ಪಿಕೊಂಡಿದ್ದೆ. ಒಬ್ಬಟ್ಟಿನ ಊಟಕ್ಕೆ ಮುಂಚೆ ಹಂದಿಕೊಬ್ಬೇ? ಸದ್ದಿಲ್ಲದೆ 'ತುಪ್ಪ' ಎಂದು ಬರೆದುಬಿಟ್ಟೆ.

"ಆ ಕೊಬ್ಬಿಗೆ ಏನು ಪದ ಹಾಕಿದ್ರಿ?" ಎಂದು ಇಮ್ರೆ ಕೇಳಿಯೇಬಿಟ್ಟರು.

"ಘೀ ಅಂತ ಹಾಕಿದೀನಿ, ಸರ್."

"ಅದು ಬೆಣ್ಣೆಯಿಂದ ಮಾಡೋದಲ್ವಾ? ಬೆಣ್ಣೆ ತಿನ್ನೋರ ಮನೆ ಬೇರೆ ಇತ್ತು. ನಮ್ಮಮ್ಮ ಅಲ್ಲಿ ಪಾತ್ರೆ ತೊಳೀತಿದ್ಲು. ಅವಳ ಕವಿತೆಯಿಂದ ಅವಳನ್ನೇ ಹೊರಗೆ ಹಾಕಿದ್ರಲ್ಲ."

ನನಗೆ ನಾಚಿಕೆಯಾಯಿತು. ಕೂಟದಲ್ಲಿ ಹಂದಿಕೊಬ್ಬೆಂದೇ ಓದಿದೆ, ಗಟ್ಟಿಯಾಗಿ. ಮುಂದೆ ಕೂತಿದ್ದ ಹಿರಿಯರಿಬ್ಬರು ಮುಖ ಸಿಂಡರಿಸಿದರು. ಇಮ್ರೆಗೆ ಹೇಳಿದರೆ, "ಹಾಗಾದ್ರೆ ಸರಿಯಾಗಿ ತಲುಪಿದೆ," ಎಂದು ನಕ್ಕರು.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಇವತ್ತು ಬೆಳಿಗ್ಗೆ ಅವರ ಮಗಳು ನಾಟಿಂಗ್‌ಹ್ಯಾಮಿನಿಂದ ಫೋನ್ ಮಾಡಿದ್ದರು. ಅಪ್ಪನ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದಾರೆ, ಒಂದಕ್ಷರ ತಿಳಿಯುತ್ತಿಲ್ಲ. ಅಜ್ಜಿಯ ಮೇಲಿನ ಕವಿತೆಯಲ್ಲಿ ಏನಿದೆ ಹೇಳುತ್ತೀರಾ ಎಂದರು. ನನ್ನ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ, ಏನನ್ನೂ ಬದಲಿಸದೆ ಓದಿದೆ.

"ಅಪ್ಪ ನನಗೆ ಯಾವಾಗ್ಲೂ ಬೆಣ್ಣೆ ಅಂತಾನೇ ಹೇಳ್ತಿದ್ರು," ಎಂದರು.

ಫೋನ್ ಇಟ್ಟೆ. ಮೈಸೂರಿನಲ್ಲಿ ನಮ್ಮಮ್ಮ ಬಿಸಿ ಅನ್ನಕ್ಕೆ ಧಾರಾಳವಾಗಿ ತುಪ್ಪ ಸುರಿಯುತ್ತಿದ್ದಳೆಂದು ಅನಘಾಳಿಗೆ ನೂರು ಸಲವಾದರೂ ಹೇಳಿದ್ದೇನೆ. ಮಹಡಿಯ ಮೇಲಿದ್ದ ಅವಳನ್ನು ಕರೆದೆ.

"ವಾಟ್, ಅಮ್ಮಾ?"

"ಬಾ, ಕೂತ್ಕೋ. ಅಜ್ಜಿ ಅನ್ನಕ್ಕೆ ಹಾಕ್ತಿದ್ದದ್ದು ತುಪ್ಪ ಅಲ್ಲ ಕಣೇ," ಎಂದೆ. "ರೇಷನ್ ಅಂಗಡಿ ಪಾಮಾಯಿಲ್."